ಇಂಗ್ಲಿಷ್ ಪತ್ತೇದಾರಿ ಲೇಖಕಿಯರು ಬ್ರಿಟನ್ನಿನ ಮನೆಗಳೊಳಗೆ ಏನೇನು ಕಂಡರು?

ಅಗಾಥಾ ಕ್ರಿಸ್ಟಿ ತೀರಿಕೊಂಡಿದ್ದು 1976ರ ಜನವರಿ 12ರಂದು. 2026ಕ್ಕೆ ಐವತ್ತು ವರ್ಷ ತುಂಬುತ್ತದೆ. ಅವರ ಕಥೆಗಳು ಮಾತ್ರ ನಿಂತಿಲ್ಲ. ಸಿನಿಮಾ ಆಗುತ್ತಿವೆ, ಓಟಿಟಿಯಲ್ಲಿ ಸರಣಿಗಳಾಗಿ ಬರುತ್ತಿವೆ. ಅವನ್ನು ನೋಡಿ ಮೊದಲ ಸಲ ಪುಸ್ತಕ ಕೈಗೆತ್ತಿಕೊಳ್ಳುವವರಿಗೆ ಎರಡು ಪ್ರಶ್ನೆ ಬಂದೇ ಬರುತ್ತವೆ. ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿ ಅಂದರೆ ದೊಡ್ಡ ಹೆಸರುಗಳೆಲ್ಲ ಹೆಂಗಸರದ್ದೇ ಯಾಕೆ? ಮತ್ತೆ, ಕೊಲೆಗಾರ ಯಾರು ಅಂತ ಗೊತ್ತಾದ ಮೇಲೆ ಮುಗಿದು ಹೋಗಬೇಕಾದ ಈ ಕಥೆಗಳನ್ನು ಸಮಾಜದ ಚರಿತ್ರೆ ಬರೆಯುವವರೂ ಕೂತು ಓದುತ್ತಾರಲ್ಲ, ಅದು ಯಾಕೆ?

ಎರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ ಅನ್ನೋದು ನನ್ನ ನಂಬಿಕೆ. ಅದನ್ನು ಬುಡದಿಂದ ಹೇಳುತ್ತೇನೆ. ಕೊಲೆಗಾರರ ಹೆಸರನ್ನು ಎಲ್ಲೂ ಬಿಟ್ಟುಕೊಡುವುದಿಲ್ಲ. ಒಂದೇ ಒಂದು ಪುಸ್ತಕದ ವಿಷಯದಲ್ಲಿ ಬಿಟ್ಟುಕೊಡುತ್ತೇನೆ, ಯಾಕಂದರೆ ಅಲ್ಲಿ ಲೇಖಕಿಯೇ ಮೊದಲ ವಾಕ್ಯದಲ್ಲಿ ಹೇಳಿಬಿಟ್ಟಿದ್ದಾರೆ.

ಈ ಕಥೆಗಳ ಕಟ್ಟು ಹೇಗಿರುತ್ತದೆ

ಎರಡು ಮಹಾಯುದ್ಧಗಳ ನಡುವಿನ ಕಾಲವನ್ನು, ಅಂದರೆ ಸುಮಾರು 1920ರಿಂದ 1939ರವರೆಗಿನ ವರ್ಷಗಳನ್ನು, ಇಂಗ್ಲಿಷ್ ಪತ್ತೇದಾರಿ ಕಥೆಯ ಸುವರ್ಣಯುಗ ಅಂತ ಕರೆಯುತ್ತಾರೆ. ಆಗ ಒಂದು ಮಾದರಿ ಗಟ್ಟಿಯಾಯಿತು. ಒಂದು ಮನೆ, ಅಥವಾ ಹಳ್ಳಿ, ಅಥವಾ ಆಫೀಸು. ಅಲ್ಲಿ ಒಂದು ಸಾವು. ಸಂಶಯ ಪಡಬಹುದಾದವರು ಆರೋ ಏಳೋ ಜನ, ಎಲ್ಲರೂ ಒಬ್ಬರಿಗೊಬ್ಬರು ಗೊತ್ತಿರುವವರೇ. ಹೊರಗಿಂದ ಬಂದ ಯಾವನೋ ಅಪರಿಚಿತ ಕೊನೆಗೆ ಕೊಲೆಗಾರ ಆಗುವ ಹಾಗಿಲ್ಲ.

ಇದಕ್ಕೊಂದು ಮುಖ್ಯ ಕಟ್ಟುಪಾಡು ಇತ್ತು. ಪತ್ತೇದಾರನಿಗೆ ಸಿಕ್ಕ ಪ್ರತಿಯೊಂದು ಸುಳಿವೂ ಓದುಗರಿಗೂ ಸಿಗಬೇಕು. 1930ರಲ್ಲಿ ಲಂಡನ್ನಿನ ಲೇಖಕರು ಡಿಟೆಕ್ಷನ್ ಕ್ಲಬ್ ಅಂತ ಒಂದು ಸಂಘವನ್ನೇ ಕಟ್ಟಿಕೊಂಡು, ಓದುಗರಿಗೆ ಮೋಸ ಮಾಡುವುದಿಲ್ಲ ಅಂತ ಸದಸ್ಯರಿಂದ ಪ್ರಮಾಣ ಮಾಡಿಸುತ್ತಿದ್ದರು. ಪತ್ತೇದಾರಿ ಲೇಖಕಿ ಡೊರೊಥಿ ಸೇಯರ್ಸ್ 1949ರಿಂದ ಅದರ ಅಧ್ಯಕ್ಷೆ, ಅವರ ನಂತರ ಅಗಾಥಾ ಕ್ರಿಸ್ಟಿ.

ಈಗ ಲೇಖಕರ ಕಷ್ಟ ನೋಡಿ. ಸುಳಿವನ್ನು ಕೊಡಲೇಬೇಕು, ಆದರೆ ಓದುಗರ ಗಮನ ಅದರ ಮೇಲೆ ನಿಲ್ಲಬಾರದು. ಎಲ್ಲಿ ಬಚ್ಚಿಡುವುದು? ದಿನನಿತ್ಯದ ಬದುಕಿನಲ್ಲಿ. ಚಹಾ ಎಷ್ಟು ಗಂಟೆಗೆ ಬಂತು, ಟ್ರೇ ತಂದವರು ಯಾರು, ಅಂಚೆಯವನು ಯಾವ ಬಾಗಿಲಿಗೆ ಬಂದ, ಒಲೆಯಲ್ಲಿ ಬೆಂಕಿ ಇತ್ತೋ ಇಲ್ಲವೋ, ಯಾರ ಸಂಬಳ ಎಷ್ಟು, ವಿಲ್ಲಿನಲ್ಲಿ ಯಾರ ಹೆಸರಿದೆ, ಇಂಥ ನೂರಾರು ಸಣ್ಣ ವಿವರಗಳ ರಾಶಿ ಹಾಕಿ ಅದರ ಮಧ್ಯೆ ಬೇಕಾದದ್ದನ್ನು ಸೇರಿಸಿಬಿಡುತ್ತಾರೆ. ಗಂಭೀರ ಸಾಹಿತ್ಯ ಬರೆಯುವವರು ಇವುಗಳಲ್ಲಿ ಅರ್ಧವನ್ನು ಬೇಡ ಅಂತ ಬಿಟ್ಟುಬಿಡುತ್ತಿದ್ದರು. ಪತ್ತೇದಾರಿ ಲೇಖಕರಿಗೆ ಬಿಡುವ ಹಾಗೇ ಇಲ್ಲ. ವಿವರ ತಪ್ಪಾದರೆ ಕಥೆಯೇ ಬಿದ್ದುಹೋಗುತ್ತದೆ. ಹೀಗಾಗಿ ಬೇಕು ಅಂತ ಹೊರಡದೆಯೂ ಇವರು ಆ ಕಾಲದ ಮನೆವಾರ್ತೆಯ ದಾಖಲೆಯನ್ನೇ ಬರೆದಿಟ್ಟುಬಿಟ್ಟರು.

ಇನ್ನೊಂದು ಮಾತು. ಕೊಲೆಗೆ ಕಾರಣ ಬೇಕಲ್ವಾ? ಆ ಕಾರಣ ಓದುಗರಿಗೆ ಹೌದು ಅನ್ನಿಸಬೇಕು. ಒಂದು ಸಮಾಜದಲ್ಲಿ ಜನ ಯಾವುದಕ್ಕೆ ಹೆದರುತ್ತಾರೆ, ಏನು ಕಳೆದುಕೊಂಡರೆ ಬದುಕೇ ಮುಗಿಯಿತು ಅಂದುಕೊಳ್ಳುತ್ತಾರೆ ಅನ್ನೋದು ಅಲ್ಲಿ ಹೊರಗೆ ಬರುತ್ತದೆ. 1920ರ ದಶಕದ ಕಥೆಗಳಲ್ಲಿ ಹೆಚ್ಚಾಗಿ ಆಸ್ತಿ ಮತ್ತು ಮರ್ಯಾದೆ. 1970ಕ್ಕೆ ಬರುವಷ್ಟರಲ್ಲಿ ಕಾರಣಗಳೇ ಬೇರೆಯಾಗಿರುತ್ತವೆ.

ಹೆಂಗಸರೇ ಯಾಕೆ?

ಗಂಡಸರು ಬರೆಯಲಿಲ್ಲ ಅಂತಲ್ಲ, ಬಹಳ ಜನ ಬರೆದರು. ಆದರೆ ಇವತ್ತಿಗೂ ಓದಿಸಿಕೊಳ್ಳುವ ಹೆಸರುಗಳನ್ನು ನೋಡಿ: ಕ್ರಿಸ್ಟಿ, ಸೇಯರ್ಸ್, ಮಾರ್ಜರಿ ಅಲಿಂಗಮ್, ನ್ಯೂಜಿಲೆಂಡಿನ ನಾಯೊ ಮಾರ್ಶ್, ಸ್ಕಾಟ್‌ಲೆಂಡಿನ ಜೋಸೆಫಿನ್ ಟೇ.

ಮೊದಲ ಕಾರಣ ಆ ಕಾಲದ್ದೇ. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಹೆಂಗಸರು ಮನೆಯಿಂದಾಚೆ ಕೆಲಸಕ್ಕೆ ಹೋದರು. ಕ್ರಿಸ್ಟಿ ತಮ್ಮ ಊರು ಟಾರ್ಕಿಯ ಆಸ್ಪತ್ರೆಯಲ್ಲಿ ಮೊದಲು ಗಾಯಾಳುಗಳ ಆರೈಕೆ ಮಾಡಿದರು, ಆಮೇಲೆ ಔಷಧ ತಯಾರಿಸಿ ಕೊಡುವ ವಿಭಾಗಕ್ಕೆ ಸೇರಿದರು. ಅವರ ಪುಸ್ತಕಗಳಲ್ಲಿ ವಿಷಗಳ ಲೆಕ್ಕಾಚಾರ ಅಷ್ಟು ಕರಾರುವಾಕ್ಕಾಗಿ ಇರುವುದು ಆ ಕೆಲಸದಿಂದ. ಅವರ ಮೊದಲ ಕಾದಂಬರಿ 'ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್' 1920ರಲ್ಲಿ ಬಂತು. ಅದರ ಪತ್ತೇದಾರ ಪೊಯ್ರೊ ಬೆಲ್ಜಿಯಂನಿಂದ ಓಡಿ ಬಂದ ನಿರಾಶ್ರಿತ. ಯುದ್ಧದಲ್ಲಿ ಅಂಥವರು ಇಂಗ್ಲೆಂಡಿಗೆ ದೊಡ್ಡ ಸಂಖ್ಯೆಯಲ್ಲಿ ಬಂದಿದ್ದರು, ಕ್ರಿಸ್ಟಿ ಅವರನ್ನು ತಮ್ಮೂರಿನಲ್ಲೇ ನೋಡಿದ್ದರು.

ಓದಿನ ಬಾಗಿಲೂ ಆಗಲೇ ತೆರೆಯುತ್ತಿತ್ತು. ಸೇಯರ್ಸ್ ಆಕ್ಸ್‌ಫರ್ಡಿನಲ್ಲಿ 1915ರಲ್ಲೇ ಪ್ರಥಮ ದರ್ಜೆಯಲ್ಲಿ ಓದು ಮುಗಿಸಿದರು. ಪದವಿ ಪತ್ರ ಕೈಗೆ ಬಂದದ್ದು 1920ರಲ್ಲಿ, ಯಾಕಂದರೆ ಅಲ್ಲಿಯವರೆಗೆ ಆಕ್ಸ್‌ಫರ್ಡು ಹೆಂಗಸರಿಗೆ ಪಾಠ ಹೇಳುತ್ತಿತ್ತು, ಪರೀಕ್ಷೆ ತೆಗೆದುಕೊಳ್ಳುತ್ತಿತ್ತು, ಪದವಿ ಮಾತ್ರ ಕೊಡುತ್ತಿರಲಿಲ್ಲ. ಕೇಂಬ್ರಿಡ್ಜಿನಲ್ಲಿ ಈ ಅನ್ಯಾಯ 1948ರವರೆಗೆ ನಡೆಯಿತು.

ಎರಡನೆಯದು ಹೊಟ್ಟೆಪಾಡು. ಪತ್ತೇದಾರಿ ಕಥೆಯನ್ನು ಜನ ಹಗುರ ಓದು ಅಂದುಕೊಂಡಿದ್ದರು. ಹಾಗಾಗಿ ಹೊಸಬರಿಗೆ ಅಲ್ಲಿ ಜಾಗ ಸಿಗುವುದು ಸುಲಭ, ದುಡ್ಡೂ ಬರುತ್ತಿತ್ತು. ಪುಸ್ತಕ ಬಾಡಿಗೆಗೆ ಕೊಡುವ ಲೈಬ್ರರಿಗಳು ಊರೂರಲ್ಲಿದ್ದವು. ಬೂಟ್ಸ್ ಅನ್ನುವ ಔಷಧ ಅಂಗಡಿಯವರೂ ತಮ್ಮ ಅಂಗಡಿಗಳಲ್ಲಿ ಇಂಥ ಲೈಬ್ರರಿ ನಡೆಸುತ್ತಿದ್ದರು, ಅಲ್ಲಿಗೆ ಬರುವವರಲ್ಲಿ ಹೆಂಗಸರೇ ಜಾಸ್ತಿ. 1935ರಲ್ಲಿ ಪೆಂಗ್ವಿನ್ ಪ್ರಕಾಶನ ಆರು ಪೆನ್ಸ್ ಚಿಲ್ಲರೆಗೆ ಒಂದರಂತೆ ಮೊದಲ ಹತ್ತು ಪುಸ್ತಕ ತಂದಾಗ ಅದರಲ್ಲಿ ಎರಡು ಪತ್ತೇದಾರಿ ಕಾದಂಬರಿಗಳಿದ್ದವು. ಒಂದು ಕ್ರಿಸ್ಟಿಯದ್ದು, ಇನ್ನೊಂದು ಸೇಯರ್ಸ್ ಅವರದ್ದು.

ಮೂರನೆಯದು ನಾನು ಮೇಲೆ ಹೇಳಿದ್ದು. ಈ ಕಥೆ ನಡೆಯುವುದು ಮನೆಯೊಳಗೆ. ಮನೆಯೊಳಗಿನ ಲೆಕ್ಕ ಯಾರಿಗೆ ಚೆನ್ನಾಗಿ ಗೊತ್ತಿತ್ತು? ಅಡುಗೆಯವಳು ಯಾಕೆ ಮುನಿಸಿಕೊಂಡಿದ್ದಾಳೆ, ಹಿರಿಮಗನ ಹೆಂಡತಿಗೆ ಕೈಖರ್ಚಿಗೆ ಎಷ್ಟು ಸಿಗುತ್ತದೆ, ಮದುವೆಯಾಗದ ಚಿಕ್ಕಮ್ಮ ಯಾರ ಹಂಗಿನಲ್ಲಿದ್ದಾಳೆ ಅನ್ನೋದನ್ನು ಹೆಂಗಸರು ಹುಟ್ಟಿದಾಗಿನಿಂದ ನೋಡುತ್ತಾ ಬೆಳೆದಿದ್ದರು.

ಸೇಯರ್ಸ್ ಮತ್ತು "ಹೆಚ್ಚಾದ" ಹೆಂಗಸರು

1921ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಗಂಡಸರಿಗಿಂತ ಹೆಂಗಸರು ಸುಮಾರು 17 ಲಕ್ಷ ಜಾಸ್ತಿ ಅಂತ ಲೆಕ್ಕ ಬಂತು. ಪತ್ರಿಕೆಗಳು ಇವರನ್ನು "ಹೆಚ್ಚುವರಿ ಹೆಂಗಸರು" ಅಂತ ಕರೆದವು. ಮನುಷ್ಯರನ್ನು ಹಾಗೆ ಕರೆಯಬಹುದೇ ಅನ್ನೋ ಪ್ರಶ್ನೆ ಯಾರಿಗೂ ಅಷ್ಟಾಗಿ ಬರಲಿಲ್ಲ. ಮದುವೆ ಆಗದಿದ್ದರೆ ಇವರು ಏನು ಮಾಡಬೇಕು ಅನ್ನೋದೇ ಎಲ್ಲರ ಚಿಂತೆ.

ಸೇಯರ್ಸ್ 1927ರಲ್ಲಿ 'ಅನ್‌ನ್ಯಾಚುರಲ್ ಡೆತ್' ಬರೆದರು. ಅದರಲ್ಲಿ ಮಿಸ್ ಕ್ಲಿಂಪ್ಸನ್ ಅನ್ನೋ ನಡುವಯಸ್ಸು ದಾಟಿದ, ಮದುವೆಯಾಗದ ಹೆಂಗಸು ಬರುತ್ತಾರೆ. ಶ್ರೀಮಂತ ಪತ್ತೇದಾರ ಲಾರ್ಡ್ ಪೀಟರ್ ವಿಮ್ಸಿ ಅವರಿಗೆ ಸಂಬಳ ಕೊಟ್ಟು ಒಂದು ಊರಿಗೆ ಕಳಿಸುತ್ತಾನೆ. ಅವರು ಮಾಡಬೇಕಾದದ್ದು ಇಷ್ಟೇ: ಬಾಡಿಗೆ ಕೋಣೆ ಹಿಡಿದು, ಚರ್ಚಿಗೆ ಹೋಗಿ, ಹೆಂಗಸರ ಜೊತೆ ಚಹಾ ಕುಡಿದು, ಊರಿನ ಸುದ್ದಿ ಕೇಳುವುದು. ಪೊಲೀಸಿನವರು ಹೋಗಿ ಕೇಳಿದರೆ ಬಾಯಿ ಬಿಡದವರು ಇವರ ಹತ್ತಿರ ಎಲ್ಲ ಹೇಳಿಕೊಳ್ಳುತ್ತಾರೆ. ಇಂಥ ಸಾವಿರಾರು ಹೆಂಗಸರ ಬುದ್ಧಿ, ಚುರುಕು ಎಲ್ಲ ಸುಮ್ನೆ ಹಾಳಾಗುತ್ತಿದೆ, ಇದನ್ನು ದೇಶ ಬಳಸಿಕೊಳ್ಳುತ್ತಿಲ್ಲ ಅಂತ ವಿಮ್ಸಿಯ ಬಾಯಲ್ಲಿ ಸೇಯರ್ಸ್ ಹೇಳಿಸುತ್ತಾರೆ. ಮುಂದಿನ ಒಂದು ಪುಸ್ತಕದ ಹೊತ್ತಿಗೆ ಮಿಸ್ ಕ್ಲಿಂಪ್ಸನ್ ಒಂದು ಕಚೇರಿಯನ್ನೇ ನಡೆಸುತ್ತಿರುತ್ತಾರೆ. ಹೊರಗಿನವರಿಗೆ ಅದು ಟೈಪಿಂಗ್ ಕೆಲಸದ ಜಾಗ. ಒಳಗಿರುವ ಒಂಟಿ ಹೆಂಗಸರು, ವಿಧವೆಯರು ಎಲ್ಲ ಪತ್ತೇದಾರರು.

'ಅನ್‌ನ್ಯಾಚುರಲ್ ಡೆತ್'ನಲ್ಲಿ ಇನ್ನೊಂದು ವಿಷಯ ಇದೆ. ಬ್ರಿಟನ್ನಿನ ಪಾರ್ಲಿಮೆಂಟು 1925ರಲ್ಲಿ ಆಸ್ತಿ ಮತ್ತು ವಾರಸುದಾರಿಕೆಯ ಕಾನೂನು ಬದಲಾಯಿಸಿತು, ಅದು 1926ರ ಜನವರಿ 1ರಿಂದ ಜಾರಿಗೆ ಬಂತು. ವಿಲ್ ಬರೆಯದೆ ಸತ್ತರೆ ಆಸ್ತಿ ಯಾವ ಸಂಬಂಧಿಗಳವರೆಗೆ ಹೋಗಬಹುದು ಅನ್ನೋ ಮಿತಿ ಅದರಲ್ಲಿ ಹೊಸದಾಗಿ ಬಿತ್ತು. ಮುದುಕಿಯೊಬ್ಬಳು ಹೇಗೂ ಸಾಯುವವಳೇ ಆಗಿದ್ದಳು, ಅವಳನ್ನು ಅವಸರವಾಗಿ ಯಾರಾದರೂ ಯಾಕೆ ಸಾಯಿಸಬೇಕು ಅನ್ನೋ ಪ್ರಶ್ನೆಗೆ ಆ ತಾರೀಖಿನಲ್ಲಿ ಉತ್ತರ ಇದೆ. ಕಾನೂನಿನ ಒಂದು ಕಲಮು ಒಂದು ಮನೆಯೊಳಗೆ ಏನು ಮಾಡಬಲ್ಲದು ಅನ್ನೋದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಕಥೆ ನನಗೆ ಬೇರೆ ಗೊತ್ತಿಲ್ಲ.

ಸೇಯರ್ಸ್ ಲಂಡನ್ನಿನ ಜಾಹೀರಾತು ಕಂಪನಿಯೊಂದರಲ್ಲಿ ಸುಮಾರು ಒಂಬತ್ತು ವರ್ಷ ಕೆಲಸ ಮಾಡಿದರು. ಆ ಅನುಭವ 1933ರ 'ಮರ್ಡರ್ ಮಸ್ಟ್ ಅಡ್ವರ್ಟೈಸ್' ಆಯಿತು. ಆಫೀಸಿನ ಕಬ್ಬಿಣದ ಸುರುಳಿ ಮೆಟ್ಟಿಲಿನಿಂದ ಬಿದ್ದು ಒಬ್ಬ ಸಾಯುತ್ತಾನೆ. ಕಥೆ ಅದರ ಮೇಲೆ ನಿಂತಿದ್ದರೂ ಓದುವಾಗ ನೆನಪಲ್ಲಿ ಉಳಿಯುವುದು ಜಾಹೀರಾತು ಬರೆಯುವವರ ದಿನ: ತಾವೇ ಕೊಳ್ಳಲಾಗದ ಸಾಮಾನುಗಳ ಬಗ್ಗೆ, ತಮಗಿಂತ ಬಡವರಿಗೆ ಆಸೆ ಹುಟ್ಟಿಸುವ ಸಾಲು ಬರೆಯುವ ಕೆಲಸ.

1935ರ 'ಗಾಡಿ ನೈಟ್' ಇನ್ನೂ ಧೈರ್ಯದ ಪುಸ್ತಕ. ಆಕ್ಸ್‌ಫರ್ಡಿನ ಒಂದು ಕಾಲ್ಪನಿಕ ಮಹಿಳಾ ಕಾಲೇಜು. ಕೊಲೆ ಇಲ್ಲ. ಯಾರೋ ಅಸಹ್ಯ ಚೀಟಿಗಳನ್ನು ಬರೆದು ಎಸೆಯುತ್ತಿದ್ದಾರೆ, ಹಸ್ತಪ್ರತಿಗಳನ್ನು ಹಾಳು ಮಾಡುತ್ತಿದ್ದಾರೆ. ಓದಿದ, ಮದುವೆಯಾಗದ ಹೆಂಗಸರಲ್ಲೇ ಯಾರಿಗೋ ತಲೆ ಕೆಟ್ಟಿರಬೇಕು ಅಂತ ಹೊರಗಿನವರು ಬಿಡಿ, ಒಳಗಿನವರೇ ಯೋಚಿಸಲು ಶುರು ಮಾಡುತ್ತಾರೆ. ಆ ಕಾಲದಲ್ಲಿ ಬ್ರಿಟನ್ನಿನ ಸರ್ಕಾರಿ ನೌಕರಿಯಲ್ಲಿದ್ದ ಹೆಂಗಸರು ಮದುವೆಯಾದರೆ ಕೆಲಸ ಬಿಡಬೇಕಿತ್ತು. ಆ ನಿಯಮ ಹೋದದ್ದು 1946ರಲ್ಲಿ. ಕೆಲಸವೋ ಮದುವೆಯೋ ಅನ್ನೋದು ಬರೀ ಮನಸ್ಸಿನ ತಳಮಳ ಆಗಿರಲಿಲ್ಲ ಅಂತ ತಿಳಿದುಕೊಂಡು ಓದಿದರೆ ಈ ಕಾದಂಬರಿ ಬೇರೆಯೇ ಥರ ಕಾಣುತ್ತದೆ.

ಅದರ ನಾಯಕಿ ಹ್ಯಾರಿಯಟ್ ವೇನ್ ಸ್ವತಃ ಪತ್ತೇದಾರಿ ಲೇಖಕಿ. 1930ರ 'ಸ್ಟ್ರಾಂಗ್ ಪಾಯ್ಸನ್'ನಲ್ಲಿ ಅವಳ ಮೇಲೆ ಕೊಲೆ ಆರೋಪ. ಮದುವೆಯಿಲ್ಲದೆ ಒಬ್ಬನ ಜೊತೆ ಬಾಳಿದ್ದಳು ಅನ್ನೋದೇ ಕೋರ್ಟಿನಲ್ಲಿ ಅರ್ಧ ಸಾಕ್ಷಿಯಂತೆ ಅವಳ ವಿರುದ್ಧ ನಿಲ್ಲುತ್ತದೆ. ಸೇಯರ್ಸ್ ಅವರಿಗೇ 1924ರಲ್ಲಿ ಮದುವೆಯಾಚೆ ಒಂದು ಗಂಡುಮಗು ಹುಟ್ಟಿತ್ತು. ಮಗುವನ್ನು ಸೋದರಸಂಬಂಧಿಯೊಬ್ಬರು ಸಾಕಿದರು, ವಿಷಯ ಹೊರಜಗತ್ತಿಗೆ ತಿಳಿದದ್ದು ಸೇಯರ್ಸ್ ತೀರಿಕೊಂಡ ಮೇಲೆ. ಮರ್ಯಾದೆಯ ಭಯ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಕ್ರಿಸ್ಟಿಯ ಹಳ್ಳಿ, ರೇಷನ್ ಕಾರ್ಡು

ಕ್ರಿಸ್ಟಿ ಅಂದರೆ ಹೂದೋಟ, ಚಹಾ, ಪಾದ್ರಿಯ ಮನೆ, ಎಂದೂ ಬದಲಾಗದ ಚೆಂದದ ಹಳ್ಳಿ ಅಂತ ಒಂದು ಕಲ್ಪನೆ ಇದೆ. ಟಿವಿ ಸರಣಿಗಳು ಅದನ್ನು ಗಟ್ಟಿ ಮಾಡಿವೆ. ಪುಸ್ತಕ ತೆರೆದರೆ ಹಾಗಿಲ್ಲ. ಅಲ್ಲಿ ಎಲ್ಲವೂ ಬದಲಾಗುತ್ತಲೇ ಇರುತ್ತದೆ, ಜನ ಅದಕ್ಕೆ ಗಾಬರಿಯಾಗಿರುತ್ತಾರೆ.

ಕ್ರಿಸ್ಟಿಯ ಕಥೆಗಳಲ್ಲಿ ಕೊಲೆ ಪತ್ತೆ ಮಾಡುವ ವಯಸ್ಸಾದ ಹೆಂಗಸು ಮಿಸ್ ಮಾರ್ಪಲ್ ಮೊದಲು ಕಾದಂಬರಿಯಲ್ಲಿ ಬಂದದ್ದು 1930ರಲ್ಲಿ. ನಮ್ಮ ಊರುಗಳಲ್ಲಿ ಜಗುಲಿ ಮೇಲೆ ಹೂಬತ್ತಿ ಹೊಸೆಯುತ್ತಾ ಕೂತಿರುವ ಅಜ್ಜಿಯ ಹಾಗೆ ಇವರು. ಯಾರ ಮನೆಗೆ ಯಾರು ಬಂದರು, ಯಾವ ಹುಡುಗಿ ಹೊಸ ಓಲೆ ಹಾಕಿದ್ದಾಳೆ, ಎಲ್ಲ ಕಣ್ಣಿಗೆ ಬಿದ್ದಿರುತ್ತದೆ. ಅವರು ಕೈಯಲ್ಲಿ ಹೆಣಿಗೆ ಹಿಡಿದು ಕೂತಿದ್ದರೆ ಎದುರಿಗಿದ್ದವರು ಮರೆತೇ ಮಾತಾಡುತ್ತಾರೆ. ವಯಸ್ಸಾದ ಹೆಂಗಸನ್ನು ಸಮಾಜ ಲೆಕ್ಕಕ್ಕೆ ಇಡುವುದಿಲ್ಲ ಅನ್ನೋದೇ ಇಲ್ಲಿ ಪತ್ತೇದಾರಿಕೆಯ ದೊಡ್ಡ ಬಲ.

ಹತ್ತಿರದಿಂದ ನೋಡಲು 1950ರ 'ಎ ಮರ್ಡರ್ ಈಸ್ ಅನೌನ್ಸ್ಡ್' ತೆಗೆದುಕೊಳ್ಳೋಣ. ಊರಿನ ಪತ್ರಿಕೆಯಲ್ಲಿ ಒಂದು ಪ್ರಕಟಣೆ: ಇಂಥ ದಿನ, ಇಂಥ ಮನೆಯಲ್ಲಿ, ಸಂಜೆ ಆರೂವರೆಗೆ ಒಂದು ಕೊಲೆ ನಡೆಯುತ್ತದೆ, ಸ್ನೇಹಿತರು ಇದನ್ನೇ ಆಹ್ವಾನ ಅಂತ ತಿಳಿಯಬೇಕು. ಊರಿನವರು ಏನೋ ತಮಾಷೆ ಅಂದುಕೊಂಡು ಒಬ್ಬೊಬ್ಬರಾಗಿ ಬರುತ್ತಾರೆ. ಬಂದವರು ಒಬ್ಬರಾದ ಮೇಲೆ ಒಬ್ಬರು ಒಂದೇ ಮಾತು ಎತ್ತುತ್ತಾರೆ, ಓಹೋ, ನಿಮ್ಮ ಮನೆಯ ಹೀಟಿಂಗ್ ಆಗಲೇ ಶುರು ಮಾಡಿದ್ದೀರಲ್ಲ ಅಂತ. ಎರಡನೇ ಮಹಾಯುದ್ಧ ಮುಗಿದು ಐದು ವರ್ಷವಾದರೂ ಇಂಗ್ಲೆಂಡಿನಲ್ಲಿ ಕಲ್ಲಿದ್ದಲಿಗೆ ಕೊರತೆ. ಅಕ್ಟೋಬರಿನಲ್ಲೇ ಮನೆ ಬೆಚ್ಚಗೆ ಮಾಡಿಕೊಂಡಿದ್ದಾರೆ ಅನ್ನೋದು ಎಲ್ಲರ ಕಣ್ಣಿಗೆ ಬೀಳುವ ಸಂಗತಿ. ಇದು ಸುಳಿವೋ, ಸುಮ್ನೆ ಆಡಿದ ಮಾತೋ ಅಂತ ನಾನು ಹೇಳುವುದಿಲ್ಲ. ಎರಡನ್ನೂ ಬೇರೆ ಮಾಡಲು ಆಗದಂತೆ ಬರೆಯುವುದೇ ಈ ಕಲೆ.

ಆ ಊರಿನಲ್ಲಿ ರೇಷನ್ ನಡೆಯುತ್ತಿದೆ. ಬ್ರಿಟನ್ನಿನಲ್ಲಿ ಆಹಾರದ ರೇಷನ್ ಪೂರ್ತಿ ಹೋದದ್ದು 1954ರ ಜುಲೈನಲ್ಲಿ. ಅಕ್ಕಪಕ್ಕದವರು ಕಾನೂನಿನ ಕಣ್ಣು ತಪ್ಪಿಸಿ ಸಾಮಾನು ಕೈಬದಲು ಮಾಡಿಕೊಳ್ಳುತ್ತಾರೆ, ಒಬ್ಬರ ಮನೆಯೊಳಗೆ ಇನ್ನೊಬ್ಬರು ಹೋಗಿಬರುತ್ತಾರೆ, ಪೊಲೀಸ್ ವಿಚಾರಣೆಯಲ್ಲಿ ಇದನ್ನು ಹೇಳಲು ಹಿಂಜರಿಯುತ್ತಾರೆ. ಅಡುಗೆಯವಳು ಮಧ್ಯ ಯುರೋಪಿನಿಂದ ಎಲ್ಲ ಕಳೆದುಕೊಂಡು ಬಂದ ನಿರಾಶ್ರಿತೆ. ಪೊಲೀಸರ ಹೆಸರು ಕೇಳಿದರೇ ನಡುಗುತ್ತಾಳೆ. ಊರಿನವರಿಗೆ ಅವಳು ಸುಳ್ಳುಗಾತಿ, ನಾಟಕದವಳು.

ಇದರ ಮಧ್ಯೆ ಮಿಸ್ ಮಾರ್ಪಲ್ ಒಂದು ಮಾತು ಹೇಳುತ್ತಾರೆ, ಇಡೀ ಪುಸ್ತಕ ಅದರ ಮೇಲೆ ನಿಂತಿದೆ. ಹದಿನೈದು ವರ್ಷದ ಹಿಂದೆ ಊರಿನಲ್ಲಿ ಯಾರು ಯಾರು ಅಂತ ಎಲ್ಲರಿಗೂ ಗೊತ್ತಿತ್ತು. ಹೊಸಬರು ಬಂದರೆ ಅವರ ಬಗ್ಗೆ ಹೇಳುವವರು ಯಾರಾದರೂ ಇರುತ್ತಿದ್ದರು, ಪರಿಚಯದ ಪತ್ರ ತರುತ್ತಿದ್ದರು. ಈಗ ಎಲ್ಲೆಲ್ಲಿಂದಲೋ ಬಂದವರು ಸಣ್ಣ ಮನೆ ಕೊಂಡು ಇದ್ದುಬಿಡುತ್ತಾರೆ. ಅವರು ತಮ್ಮ ಬಗ್ಗೆ ಹೇಳಿಕೊಂಡದ್ದನ್ನಷ್ಟೇ ನಂಬಬೇಕು. ಮನೆಯಲ್ಲಿ ಬನಾರಸಿನ ಹಿತ್ತಾಳೆ ಸಾಮಾನು ಇಟ್ಟುಕೊಂಡು, ಮಾತಿನ ಮಧ್ಯೆ "ಟಿಫಿನ್", "ಛೋಟಾ ಹಾಜರಿ" (ಬೆಳಗಿನ ಲಘು ತಿಂಡಿ) ಅಂತ ಸೇರಿಸಿದರೆ ಸಾಕು, ಇವರು ಇಂಡಿಯಾದಲ್ಲಿದ್ದು ಬಂದವರು ಅಂತ ಜನ ಒಪ್ಪಿಕೊಳ್ಳುತ್ತಾರೆ.

ಈ ಮಾತಿನ ಹಿಂದೆ ಎಷ್ಟು ಚರಿತ್ರೆ ಇದೆ ನೋಡಿ. 1947ರಲ್ಲಿ ನಾವು ಸ್ವತಂತ್ರರಾದೆವು. ಇಲ್ಲಿ ಸಾಹೇಬರಾಗಿದ್ದವರು ಅಲ್ಲಿಗೆ ವಾಪಸು ಹೋಗಿ, ಕಡಿಮೆ ಪಿಂಚಣಿಯಲ್ಲಿ ಸಣ್ಣ ಊರುಗಳಲ್ಲಿ ನೆಲೆಸಿದರು. ಯುದ್ಧದ ಕಾಲದ ಗುರುತಿನ ಚೀಟಿ ಇನ್ನೂ ಚಾಲ್ತಿಯಲ್ಲಿತ್ತು, ಆದರೆ ಸಾಮಾನ್ಯ ಜನರ ಚೀಟಿಯ ಮೇಲೆ ಫೋಟೊ ಇರಲಿಲ್ಲ, ಬೆರಳಚ್ಚು ಇರಲಿಲ್ಲ. ಬೇರೆಯವರ ಹೆಸರಿನಲ್ಲಿ ಬದುಕುವುದು ಕಷ್ಟವಿರಲಿಲ್ಲ. ಸಾಮ್ರಾಜ್ಯ ಮುಗಿದ ಸುದ್ದಿಯನ್ನು ಕ್ರಿಸ್ಟಿ ಭಾಷಣವಾಗಿ ಹೇಳುವುದಿಲ್ಲ. ಪಕ್ಕದ ಮನೆಯವರು ನಿಜಕ್ಕೂ ಯಾರು ಅನ್ನೋ ಅನುಮಾನವಾಗಿ ಅದು ಕಥೆಯೊಳಗೆ ಬರುತ್ತದೆ.

1962ರ 'ದಿ ಮಿರರ್ ಕ್ರ್ಯಾಕ್ಡ್ ಫ್ರಮ್ ಸೈಡ್ ಟು ಸೈಡ್' ಹೊತ್ತಿಗೆ ಮಿಸ್ ಮಾರ್ಪಲ್ ಅವರ ಊರಿನ ಅಂಚಿನಲ್ಲೇ ಹೊಸ ಬಡಾವಣೆ ಎದ್ದಿದೆ. ಹಳಬರು ಅದನ್ನು ನೋಡಿ ಮೂಗು ಮುರಿಯುತ್ತಾರೆ. ಮಿಸ್ ಮಾರ್ಪಲ್ ಮಾತ್ರ ಒಂದು ದಿನ ಒಬ್ಬರೇ ನಡೆದು ಹೋಗಿ ಅಲ್ಲಿನ ಜನರನ್ನು ನೋಡಿ ಬರುತ್ತಾರೆ. ಮನೆಗಳು ಹೊಸವಾದರೂ ಮನುಷ್ಯರು ಹಳೆಯ ಥರದವರೇ ಅನ್ನಿಸುತ್ತದೆ ಅವರಿಗೆ.

ಕೆಲಸದವರು ಕಾಣುತ್ತಾರಾ?

ಈ ಕಥೆಗಳ ಮೇಲಿನ ಹಳೆಯ ದೂರು ಇದು: ಮನೆಗೆಲಸದವರು ಬರುತ್ತಾರೆ, ಟ್ರೇ ಇಟ್ಟು ಹೋಗುತ್ತಾರೆ, ಹೆಣ ನೋಡಿ ಕಿರುಚುತ್ತಾರೆ, ಅಷ್ಟೇ. ದೂರು ಬಹಳ ಮಟ್ಟಿಗೆ ನಿಜ. ಆದರೆ ಕ್ರಿಸ್ಟಿ ಕೆಲವು ಕಡೆ ಇದನ್ನೇ ತಿರುಗಿಸಿ ಹಿಡಿಯುತ್ತಾರೆ. ಕೆಲಸದವರ ಮುಖವನ್ನು ಯಾರೂ ನೋಡುವುದಿಲ್ಲ ಅನ್ನೋದು ಅವರ ಹಲವು ಕಥೆಗಳ ಕೀಲಿ.

1953ರ 'ಎ ಪಾಕೆಟ್ ಫುಲ್ ಆಫ್ ರೈ'ನಲ್ಲಿ ಮೂರು ಸಾವುಗಳಾಗುತ್ತವೆ. ಅದರಲ್ಲಿ ಒಂದು ಗ್ಲ್ಯಾಡಿಸ್ ಅನ್ನೋ ಕೆಲಸದ ಹುಡುಗಿಯದ್ದು. ಅನಾಥಾಲಯದಲ್ಲಿ ಬೆಳೆದವಳು. ಮಿಸ್ ಮಾರ್ಪಲ್ ಅವಳಿಗೆ ಹಿಂದೆ ಮನೆಗೆಲಸ ಕಲಿಸಿದ್ದರು. ಅವಳ ಕತ್ತು ಬಿಗಿದು ಕೊಂದ ಮೇಲೆ, ಮಕ್ಕಳ ಪದ್ಯವೊಂದಕ್ಕೆ ಹೊಂದಲಿ ಅಂತ, ಬಟ್ಟೆ ಒಣಗಿಸುವ ಕ್ಲಿಪ್ಪನ್ನು ಅವಳ ಮೂಗಿಗೆ ಸಿಕ್ಕಿಸಿರುತ್ತಾರೆ. ದೊಡ್ಡ ಮನೆಯ ಆಸ್ತಿ ಜಗಳಕ್ಕೆ ಪೊಲೀಸರು ಬಂದಿರುತ್ತಾರೆ. ಮಿಸ್ ಮಾರ್ಪಲ್ ರೈಲು ಹತ್ತಿ ಬರುವುದು ಆ ಕ್ಲಿಪ್ಪಿನ ಸುದ್ದಿ ಓದಿ. ಸತ್ತ ಹುಡುಗಿಗೂ ಒಂದು ಮರ್ಯಾದೆ ಇದೆ, ಅದನ್ನು ಹೀಗೆ ಆಡಿಕೊಂಡವರನ್ನು ಬಿಡಬಾರದು ಅನ್ನೋ ಕೋಪ ಅವರಿಗೆ. ಕ್ರಿಸ್ಟಿಯ ಪುಸ್ತಕಗಳಲ್ಲಿ ನನ್ನ ಮನಸ್ಸಿಗೆ ಹೆಚ್ಚು ತಟ್ಟಿದ ಕೋಪ ಅದು.

ನಾಲ್ಕೇ ವರ್ಷದ ನಂತರ, '4.50 ಫ್ರಮ್ ಪ್ಯಾಡಿಂಗ್ಟನ್'ನಲ್ಲಿ ಲೂಸಿ ಅನ್ನೋ ತರುಣಿ ಬರುತ್ತಾಳೆ. ಆಕ್ಸ್‌ಫರ್ಡಿನಲ್ಲಿ ಗಣಿತದಲ್ಲಿ ಪ್ರಥಮ ದರ್ಜೆ. ಪ್ರೊಫೆಸರ್ ಆಗುವ ಬದಲು ಮನೆಗೆಲಸವನ್ನೇ ವೃತ್ತಿ ಮಾಡಿಕೊಳ್ಳುತ್ತಾಳೆ, ಯಾಕಂದರೆ ಯುದ್ಧದ ನಂತರ ಇಂಗ್ಲೆಂಡಿನಲ್ಲಿ ಮನೆಗೆಲಸಕ್ಕೆ ಜನವೇ ಸಿಗುತ್ತಿರಲಿಲ್ಲ. ಕೇಳಿದಷ್ಟು ದುಡ್ಡು, ಬೇಕಾದಾಗ ರಜೆ. ಗ್ಲ್ಯಾಡಿಸ್ ಮತ್ತು ಲೂಸಿಯನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಹಳೆಯ ವ್ಯವಸ್ಥೆ ಮುರಿಯುತ್ತಿರುವುದು ಕಾಣುತ್ತದೆ.

ಆಸ್ಪತ್ರೆ, ಕಚೇರಿ, ಅಕ್ಷರ

1960ರ ನಂತರ ಇಬ್ಬರು ಈ ಪ್ರಕಾರವನ್ನು ಬೇರೆ ದಾರಿಗೆ ತಂದರು.

ಪಿ.ಡಿ. ಜೇಮ್ಸ್ ಹದಿನಾರಕ್ಕೆ ಶಾಲೆ ಬಿಟ್ಟವರು. ಗಂಡ ಯುದ್ಧದಿಂದ ಮಾನಸಿಕ ಕಾಯಿಲೆ ಹೊತ್ತು ಬಂದರು, ಎರಡು ಹೆಣ್ಣುಮಕ್ಕಳು. ಸಂಸಾರ ನಡೆಸಲು ಆಸ್ಪತ್ರೆ ಆಡಳಿತದಲ್ಲಿ ನೌಕರಿ, ಆಮೇಲೆ ಗೃಹ ಇಲಾಖೆಯಲ್ಲಿ. ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ಬರೆಯುತ್ತಿದ್ದರು. ಮೊದಲ ಪುಸ್ತಕ 1962ರಲ್ಲಿ ಬಂತು. ಅವರ ಕೊಲೆಗಳು ಕೆಲಸದ ಜಾಗಗಳಲ್ಲಿ ನಡೆಯುತ್ತವೆ: ಮಾನಸಿಕ ಚಿಕಿತ್ಸಾಲಯ, ಫೊರೆನ್ಸಿಕ್ ಲ್ಯಾಬು, ನರ್ಸಿಂಗ್ ಶಾಲೆ. 1971ರ 'ಶ್ರೌಡ್ ಫಾರ್ ಎ ನೈಟಿಂಗೇಲ್' ಶುರುವಾಗುವುದು ನರ್ಸಿಂಗ್ ವಿದ್ಯಾರ್ಥಿನಿಯರ ಪಾಠದಿಂದ. ಕೊಳವೆ ಮೂಲಕ ಹೊಟ್ಟೆಗೆ ಆಹಾರ ಕೊಡುವುದು ಹೇಗೆ ಅಂತ ತೋರಿಸುತ್ತಿದ್ದಾರೆ, ಒಬ್ಬ ವಿದ್ಯಾರ್ಥಿನಿಯೇ ರೋಗಿಯಾಗಿ ಮಲಗಿದ್ದಾಳೆ, ತಪಾಸಣೆಗೆ ಬಂದ ಅಧಿಕಾರಿ ನೋಡುತ್ತಿದ್ದಾರೆ. ಎಲ್ಲರ ಕಣ್ಣೆದುರೇ ಆ ಹುಡುಗಿ ಸಾಯುತ್ತಾಳೆ. ಯಾರು ಯಾರಿಗೆ ಸಲಾಮು ಹೊಡೆಯಬೇಕು, ಹಾಸ್ಟೆಲಿನ ಕೋಣೆ ಯಾರಿಗೆ ಸಿಗುತ್ತದೆ, ಬಡ್ತಿ ಯಾರಿಗೆ ತಪ್ಪಿತು ಅನ್ನೋದರ ಲೆಕ್ಕ ಜೇಮ್ಸ್ ಅವರಿಗೆ ನೌಕರಿಯಿಂದ ಬಂದದ್ದು. ಮುಂದಿನ ವರ್ಷವೇ 'ಆನ್ ಅನ್‌ಸೂಟಬಲ್ ಜಾಬ್ ಫಾರ್ ಎ ವುಮನ್' ಬಂತು. ಒಬ್ಬ ಯುವತಿ ಒಬ್ಬಳೇ ಪತ್ತೇದಾರಿ ಕಚೇರಿ ನಡೆಸುವ ಕಥೆ. ಇದು ಹೆಂಗಸರಿಗೆ ಹೇಳಿದ ಕೆಲಸ ಅಲ್ಲ ಅಂತ ಅವಳಿಗೆ ಸಿಕ್ಕಿದವರೆಲ್ಲ ಹೇಳುತ್ತಾರೆ.

ರೂತ್ ರೆಂಡೆಲ್ 1977ರ 'ಎ ಜಡ್ಜ್‌ಮೆಂಟ್ ಇನ್ ಸ್ಟೋನ್'ನ ಮೊದಲ ವಾಕ್ಯದಲ್ಲೇ ಎಲ್ಲ ಹೇಳಿಬಿಡುತ್ತಾರೆ: ಯೂನಿಸ್ ಪಾರ್ಚ್‌ಮನ್ ಆ ಕುಟುಂಬವನ್ನು ಕೊಂದದ್ದು ಅವಳಿಗೆ ಓದಲು ಬರೆಯಲು ಬರುತ್ತಿರಲಿಲ್ಲವಾದ್ದರಿಂದ. ಕೊಂದವರು ಯಾರು, ಸತ್ತವರು ಯಾರು, ಯಾಕೆ, ಮೂರೂ ಮುಗಿಯಿತು. ಇನ್ನೇನು ಉಳಿಯಿತು ಅಂದುಕೊಂಡರೆ, ಉಳಿದದ್ದೇ ಕಾದಂಬರಿ. ಮನೆ ತುಂಬ ಪುಸ್ತಕ ಇರುವ ಒಳ್ಳೆಯ ಜನ ಅವರು. ಕೆಲಸದವಳಿಗೆ ಕೋಣೆ, ಟಿವಿ ಎಲ್ಲ ಕೊಡುತ್ತಾರೆ. ಆಮೇಲೆ ಸುಮ್ನೆ ಒಂದು ಚೀಟಿ ಬರೆದಿಟ್ಟು ಹೋಗುತ್ತಾರೆ, ಇಂಥದ್ದು ತಂದಿಡು ಅಂತ. ಅವಳಿಗೆ ಆ ಚೀಟಿ ಅಂದರೆ ಪ್ರಾಣ ಹೋದಷ್ಟು ಭಯ. ಕನ್ನಡಕ ಇಲ್ಲ ಅಂತ ನೆಪ ಹೇಳುತ್ತಾಳೆ. ಅವಳ ಗುಟ್ಟು ಆ ಮನೆಯವರ ಊಹೆಗೂ ಸಿಗುವುದಿಲ್ಲ, ಯಾಕಂದರೆ ಓದಲು ಬಾರದ ಮನುಷ್ಯರು ತಮ್ಮ ದೇಶದಲ್ಲಿ ಇರಬಹುದು ಅನ್ನೋದೇ ಅವರಿಗೆ ಹೊಳೆಯದು. ಒಳ್ಳೆಯತನ ಮತ್ತು ಕುರುಡು ಒಂದೇ ಮನೆಯಲ್ಲಿ ಹೇಗಿರುತ್ತವೆ ಅಂತ ರೆಂಡೆಲ್ ತೋರಿಸುವ ರೀತಿಗೆ ಮೈ ಜುಮ್ಮೆನ್ನುತ್ತದೆ.

ಅವರ 1994ರ 'ಸಿಮಿಸೋಲಾ'ದಲ್ಲಿ ಒಬ್ಬ ಕಪ್ಪು ಡಾಕ್ಟರ ಮಗಳು ಕಾಣೆಯಾಗುತ್ತಾಳೆ. ಒಂದು ಹೆಣ ಸಿಗುತ್ತದೆ, ಕಪ್ಪು ಹುಡುಗಿಯದ್ದು. ಇನ್‌ಸ್ಪೆಕ್ಟರ್ ವೆಕ್ಸ್‌ಫರ್ಡ್ ಅವಳೇ ಇರಬೇಕು ಅಂದುಕೊಂಡು ತಂದೆತಾಯಿಗೆ ಸುದ್ದಿ ಮುಟ್ಟಿಸುತ್ತಾನೆ. ಅದು ಅವಳಲ್ಲ. ತಾನು ಒಳ್ಳೆಯವನು, ತನಗೆ ಬಣ್ಣದ ಭೇದ ಇಲ್ಲ ಅಂತ ನಂಬಿದ್ದ ಮನುಷ್ಯ ತನ್ನ ತಪ್ಪನ್ನು ನೋಡಿಕೊಳ್ಳಬೇಕಾಗುತ್ತದೆ. ವಿದೇಶದಿಂದ ಕರೆತಂದು ಮನೆಗಳಲ್ಲಿ ಜೀತಕ್ಕೆ ಇಟ್ಟುಕೊಳ್ಳುವ ಹೆಂಗಸರ ವಿಷಯವೂ ಅದರಲ್ಲಿದೆ. ರೆಂಡೆಲ್ 1997ರಲ್ಲಿ ಪಾರ್ಲಿಮೆಂಟಿನ ಮೇಲ್ಮನೆಗೆ ಹೋದರು. ಹೆಣ್ಣುಮಕ್ಕಳ ಜನನಾಂಗ ಕತ್ತರಿಸುವ ಪದ್ಧತಿಯ ವಿರುದ್ಧ 2003ರಲ್ಲಿ ಬಂದ ಕಾನೂನಿಗೆ ಅಲ್ಲಿ ಅವರ ಶ್ರಮ ಇದೆ. 2007ರ ಅವರ ಕಾದಂಬರಿ ಒಂದರಲ್ಲೂ ಅದೇ ವಿಷಯ ಬಂತು.

ಇವರ ಕಣ್ಣಿಗೆ ಬೀಳದ್ದು

ಸುವರ್ಣಯುಗದ ಈ ಪುಸ್ತಕಗಳಲ್ಲಿ ಕಾಣುವುದು ಹೆಚ್ಚಾಗಿ ಮಧ್ಯಮ ಮತ್ತು ಮೇಲಿನ ವರ್ಗ. ಗಣಿ ಕಾರ್ಮಿಕರ ಮುಷ್ಕರ, ಕೆಲಸವಿಲ್ಲದವರ ಸಾಲು ಇವೆಲ್ಲ ದೂರದ ಸದ್ದಿನಂತೆ ಕೇಳುತ್ತವೆ. ಯೆಹೂದಿಗಳ ಬಗ್ಗೆ, ಕಪ್ಪು ಜನರ ಬಗ್ಗೆ, ನಮ್ಮ ಕಡೆಯವರ ಬಗ್ಗೆ ನೋವಾಗುವ ಮಾತುಗಳು ಇವೆ, ಕ್ರಿಸ್ಟಿಯಲ್ಲೂ ಸೇಯರ್ಸ್‌ನಲ್ಲೂ. ಕ್ರಿಸ್ಟಿಯ 1939ರ ಬಹಳ ಹೆಸರಾದ ಕಾದಂಬರಿಯೊಂದಕ್ಕೆ ಬ್ರಿಟನ್ನಿನಲ್ಲಿ ಇಟ್ಟ ಮೊದಲ ಹೆಸರಿನಲ್ಲೇ ಕಪ್ಪು ಜನರನ್ನು ಹೀಯಾಳಿಸುವ ಪದವಿತ್ತು. ಅಮೆರಿಕದಲ್ಲಿ ಅದು 1940ರಲ್ಲೇ 'ಅಂಡ್ ದೆನ್ ದೇರ್ ವರ್ ನನ್' ಆಯಿತು, ಬ್ರಿಟನ್ನಿನಲ್ಲಿ ಹಳೆಯ ಹೆಸರು ದಶಕಗಳ ಕಾಲ ಉಳಿಯಿತು. ಕ್ರಿಸ್ಟಿಯ ಹೊಸ ಮುದ್ರಣಗಳಲ್ಲಿ ಇಂಥ ಕೆಲವು ಪದಗಳನ್ನು ತೆಗೆದದ್ದು 2023ರಲ್ಲಿ ಸುದ್ದಿಯಾಯಿತು. ತೆಗೆಯಬೇಕೋ ಬಿಡಬೇಕೋ ಅನ್ನೋ ವಾದ ಇನ್ನೂ ಇದೆ. ಆ ಕಾಲದ ಸಭ್ಯ ಜನ ಊಟದ ಮೇಜಿನಲ್ಲಿ ಏನೇನು ಮಾತಾಡುತ್ತಿದ್ದರು ಅಂತ ತಿಳಿಯಬೇಕಾದವರಿಗೆ ಹಳೆಯ ಮುದ್ರಣಗಳೇ ಬೇಕು.

ನಮ್ಮೂರಿಗೂ ಬಂದ ದಾರಿ, ಮತ್ತು ಎಲ್ಲಿಂದ ಶುರು ಮಾಡುವುದು

ಈ ಮಾದರಿ ಬೆಂಗಳೂರಿಗೂ ಬಂದಿದೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರು ಇಂಗ್ಲಿಷಿನಲ್ಲಿ ಬರೆದ 'ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್' 2022ರಲ್ಲಿ ಬಂತು. ಕಥೆ ನಡೆಯುವುದು 1921ರ ಬೆಂಗಳೂರಿನಲ್ಲಿ. ಹೊಸದಾಗಿ ಮದುವೆಯಾದ ಕಾವೇರಿಗೆ ಗಣಿತ ಅಂದರೆ ಪ್ರಾಣ, ಗಂಡ ರಾಮು ಬೌರಿಂಗ್ ಆಸ್ಪತ್ರೆಯ ಡಾಕ್ಟರು. ಸೆಂಚುರಿ ಕ್ಲಬ್ಬಿನ ಔತಣದ ರಾತ್ರಿ ಒಂದು ಕೊಲೆ. ಸೇಯರ್ಸ್ ಪದವಿ ಪಡೆದ ಮರುವರ್ಷದಲ್ಲೇ ನಮ್ಮೂರಿನ ಹುಡುಗಿಯೊಬ್ಬಳು ಪುಸ್ತಕ ಹಿಡಿದು ಕೂರಲು ಮನೆಯಲ್ಲಿ ಏನೆಲ್ಲ ದಾಟಬೇಕಿತ್ತು ಅಂತ ಇಲ್ಲಿ ಓದಬಹುದು.

ಹೊಸಬರು 'ಎ ಮರ್ಡರ್ ಈಸ್ ಅನೌನ್ಸ್ಡ್'ನಿಂದ ಶುರು ಮಾಡಿ. ಇಂಗ್ಲಿಷ್ ಸುಲಭ, ವಿವರ ಸಮೃದ್ಧ. ಆಮೇಲೆ ರೆಂಡೆಲ್ ಅವರ 'ಎ ಜಡ್ಜ್‌ಮೆಂಟ್ ಇನ್ ಸ್ಟೋನ್', ಸಣ್ಣ ಪುಸ್ತಕ. 'ಗಾಡಿ ನೈಟ್' ದಪ್ಪ ಇದೆ, ನಿಧಾನ ಇದೆ, ಅದನ್ನು ಮೂರನೆಯದಾಗಿ ಇಟ್ಟುಕೊಳ್ಳಿ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗಳಲ್ಲಿ ಕ್ರಿಸ್ಟಿ ಕಡಿಮೆ ಬೆಲೆಗೆ ಸಿಗುತ್ತದೆ, ಉಳಿದವರನ್ನು ಸ್ವಲ್ಪ ಹುಡುಕಬೇಕು.

ಅನುವಾದ ಮಾಡುವವರಿಗೆ ಒಂದು ಮಾತು. ಭಾರತದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ವರ್ಷ ಮುಗಿದು 60 ವರ್ಷವಾದ ಮೇಲೆ ಕೃತಿಸ್ವಾಮ್ಯ ಇರುವುದಿಲ್ಲ. ಜೋಸೆಫಿನ್ ಟೇ ತೀರಿಕೊಂಡದ್ದು 1952ರಲ್ಲಿ, ಸೇಯರ್ಸ್ 1957ರಲ್ಲಿ. ಹಾಗಾಗಿ ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಇಲ್ಲಿ ಪ್ರಕಟಿಸಲು ಯಾರ ಅನುಮತಿಯೂ ಬೇಕಿಲ್ಲ. ಅಲಿಂಗಮ್ ಅವರದ್ದು 2027ರ ಜನವರಿಯಿಂದ ಮುಕ್ತ. ಕ್ರಿಸ್ಟಿಗೆ ಮಾತ್ರ 2037ರವರೆಗೆ ಕಾಯಬೇಕು, ಇಲ್ಲವೇ ಅನುಮತಿ ಕೇಳಬೇಕು.